‘ಹೈ ಬೀಮ್‌ಗೆ ಜೋಡಿಸಿ’ ಅಂದರೆ ಸಾಕೇ?

ಪ್ರಶ್ನೆ (ದಾವಣಗೆರೆಯಿಂದ)

ಫೋರ್ ವ್ಹೀಲ್ ಡ್ರೈವ್ ಜೀಪುಗಳಿಗೆ ಹೆಚ್ಚುವರಿ ದೀಪ ಕೂರಿಸುವ ಬಗ್ಗೆ, ಆಟೋ ಎಲೆಕ್ಟ್ರಿಕಲ್ ಕಲಿಯುವ ಹುಡುಗರಿಗಾಗಿ ಎರಡು ಪುಟದ ಕನ್ನಡ ಕೈಪಿಡಿ ಬರೆಯುತ್ತಿದ್ದೇವೆ. ಕೆಲವು ಪದಗಳಲ್ಲಿ ತಡವರಿಕೆಯಾಗಿದೆ. ಇಲ್ಲಿನ ಗ್ಯಾರೇಜುಗಳಲ್ಲಿ ಬಂಪರ್ ಮೇಲಿನ ದೀಪವೆಲ್ಲ ‘ಫಾಗ್ ಲೈಟ್’. ‘ಡ್ರೈವಿಂಗ್ ಲೈಟ್’ ಅನ್ನು ಬೇರೆ ಮಾಡಿ ಹೇಳುವುದು ಹೇಗೆ? ‘ಅರ್ತ್’ ಬದಲು ‘ಭೂಸಂಪರ್ಕ’ ಬಳಸಬಹುದೇ? ‘ಟ್ರಿಗರ್ ವೈರ್’ಗೆ ಏನನ್ನಬೇಕು? ‘ದೀಪಗಳನ್ನು ಹೈ ಬೀಮ್‌ಗೆ (ಹೆಡ್‌ಲೈಟಿನ ದೂರದ ಬೆಳಕಿಗೆ) ಜೋಡಿಸಿ’ ಎಂಬ ವಾಕ್ಯ ಸರಿಯೇ?

ಉತ್ತರ (ಚಿತ್ರದುರ್ಗದಿಂದ)

ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಗಾಡಿ ಸುಡುವುದು ಅಲ್ಲಿಂದಲೇ. ‘ಹೈ ಬೀಮ್‌ಗೆ ಜೋಡಿಸಿ’ ಎಂದು ಓದಿದ ಹುಡುಗ ಹೆಡ್‌ಲೈಟಿನ ಹೈ ಬೀಮ್ ವೈರ್ ಸುಲಿದು ಹೊಸ ದೀಪದ ವೈರನ್ನು ನೇರ ಅದಕ್ಕೇ ಸುತ್ತುತ್ತಾನೆ. ಲೆಕ್ಕ ನೋಡಿ: ಹೆಡ್‌ಲೈಟಿನ ಎಚ್‌4 ಬಲ್ಬಿನ ಹೈ ಬೀಮ್ 60 ವ್ಯಾಟ್, ಎರಡಕ್ಕೆ 12 ವೋಲ್ಟಿನಲ್ಲಿ 10 ಆಂಪಿಯರ್. ಅದೇ ದಾರಿಗೆ 55 ವ್ಯಾಟಿನ ಎರಡು ಹೊಸ ದೀಪ ಸೇರಿದರೆ ಇನ್ನೂ 9 ಆಂಪಿಯರ್. ಫ್ಯೂಸ್ ಹಾರುತ್ತದೆ. ಹಾರಿತೆಂದು ದಪ್ಪ ಫ್ಯೂಸ್ ಹಾಕಿದರೆ ಹೈ-ಲೋ ಬದಲಿಸುವ ಡಿಪ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕಪ್ಪಾಗುತ್ತದೆ, ವೈರಿನ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ.

ಮೇಸ್ತ್ರಿಗಳ ಬಾಯಲ್ಲಿ ಇದಕ್ಕೆ ಚೊಕ್ಕ ಮಾತಿದೆ: ‘ಸಿಗ್ನಲ್ ಹೈ ಬೀಮಿಂದ ತಗೋ, ಮೇನ್ ಬ್ಯಾಟರಿಯಿಂದ ಎಳಿ.’ ಕೈಪಿಡಿಗೂ ಇದನ್ನೇ ತನ್ನಿ. ‘ಟ್ರಿಗರ್’ ಬೇಡ, ‘ಸಿಗ್ನಲ್ ವೈರ್’ ಎನ್ನಿ. ಇದರಲ್ಲಿ ಹರಿಯುವುದು ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಕಾಯಿಲ್ ಎಳೆಯುವಷ್ಟು ಮಾತ್ರ, ಸುಮಾರು 0.15 ಆಂಪಿಯರ್. ದೀಪದ ಭಾರ ಹೊರುವುದು ‘ಮೇನ್ ವೈರ್’. ‘ಜೋಡಿಸು’ ಎಂಬ ಒಂದೇ ಕ್ರಿಯಾಪದವನ್ನು ಎರಡಕ್ಕೂ ಬಳಸಬೇಡಿ.

ರಿಲೇಯ ಕಾಲುಗಳಿಗೆ ಹೆಸರಿಡುವ ಗೋಜಿಗೂ ಹೋಗಬೇಡಿ. ಅದರ ತಳದಲ್ಲಿ ಅಚ್ಚಾಗಿರುವ ಸಂಖ್ಯೆಯೇ ಹೆಸರು. ಹೀಗೆ ಬರೆಯಬಹುದು: ‘ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಬ್ಯಾಟರಿ ಪ್ಲಸ್‌ನಿಂದ 15 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ ಮೇನ್ ಎಳೆಯಿರಿ; ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ. 87ರಿಂದ ಎರಡೂ ದೀಪಗಳಿಗೆ ಕೊಡಿ. ಹೈ ಬೀಮಿನ ಸಿಗ್ನಲ್ ವೈರನ್ನು ಡ್ಯಾಶ್‌ಬೋರ್ಡ್ ಸ್ವಿಚ್ ಮೂಲಕ 86ಕ್ಕೆ ತನ್ನಿ. 85ನ್ನು ಗಾಡಿಯ ಬಾಡಿಗೆ ಅರ್ತ್ ಮಾಡಿ.’ ಫ್ಯೂಸ್ ದೂರವಿದ್ದರೆ ಅಲ್ಲಿಯವರೆಗಿನ ವೈರಿಗೆ ಕಾವಲೇ ಇಲ್ಲ. ಬಾನೆಟ್ಟಿನಡಿ ಎಲ್ಲೋ ಉಜ್ಜಿ ಬಾಡಿಗೆ ತಗುಲಿದರೆ ವೈರೇ ಫ್ಯೂಸಾಗಿ ಉರಿಯುತ್ತದೆ.

‘ವೈರ್’ ಎಂದಷ್ಟೇ ಬರೆದು ಬಿಡಬೇಡಿ. ‘ಮೇನ್‌ಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಸಿಗ್ನಲ್‌ಗೆ 0.75 ಸಾಕು’ ಎಂದು ಅಳತೆ ಹೇಳಿ. 3 ಮೀಟರ್ ಉದ್ದಕ್ಕೆ 9 ಆಂಪಿಯರ್ ಹರಿದರೆ 2.5ರ ವೈರಿನಲ್ಲಿ ಕುಸಿಯುವುದು 0.2 ವೋಲ್ಟ್; 0.75ರಲ್ಲಿ 0.7 ವೋಲ್ಟ್. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ. 5ರಷ್ಟು ಇಳಿದರೆ ಬೆಳಕು ಶೇ. 15ಕ್ಕೂ ಹೆಚ್ಚು ಇಳಿಯುತ್ತದೆ. ‘ದೀಪ ಡಲ್ ಹೊಡೀತದೆ’ ಎಂಬ ದೂರಿನ ಮೂಲ ಬಹಳ ಸಲ ಇದೇ, ಇಲ್ಲವೇ ಅರ್ತ್.

ಆ ಅರ್ತಿಗೆ ‘ಭೂಸಂಪರ್ಕ’ ಖಂಡಿತ ಬೇಡ. ಮನೆಯ ವೈರಿಂಗಿನಲ್ಲಿ ಅದು ನೆಲಕ್ಕೆ ಹೂತ ಕಡ್ಡಿ. ಗಾಡಿಯಲ್ಲಿ ನೆಲವೇ ಇಲ್ಲ, ಟೈರಿನ ಮೇಲೆ ನಿಂತಿದೆ. ಇಲ್ಲಿ ಅದು ಬ್ಯಾಟರಿಯ ಮೈನಸ್‌ಗೆ ವಾಪಸು ಹೋಗುವ ದಾರಿ. ‘ಬಾಡಿ ಅರ್ತ್’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಜೊತೆಗೆ ಒಂದು ಸಾಲು ಸೇರಿಸಿ: ‘ಬೋಲ್ಟ್ ಕೂರುವ ಜಾಗದ ಪೇಂಟನ್ನು ಲೋಹ ಹೊಳೆಯುವವರೆಗೆ ಕೆರೆದು, ರಿಂಗ್ ಲಗ್ (ವೈರ್ ತುದಿಯ ಲೋಹದ ಉಂಗುರ) ಬಿಗಿದು, ಮೇಲೆ ವ್ಯಾಸಲೀನ್ ಸವರಿ.’ ಪೇಂಟ್ ಮೇಲೆಯೇ ಬಿಗಿದ ಅರ್ತ್ ಅರ್ತಲ್ಲ.

ಇನ್ನು ಫಾಗ್ ಲೈಟ್. ಇದು ಬರೀ ಬಾಯಿಮಾತಿನ ಸಡಿಲವಲ್ಲ, ಸಿಗ್ನಲ್ ಎಲ್ಲಿಂದ ತೆಗೆಯಬೇಕೆಂಬುದೇ ಅದರ ಮೇಲಿದೆ. ಫಾಗ್ ಲೈಟಿನ ಬೆಳಕು ಅಗಲ, ನೆಲಕ್ಕೆ ಹತ್ತಿರ. ಅದು ಲೋ ಬೀಮಿನ ಜೊತೆಗಾರ. ಡ್ರೈವಿಂಗ್ ಲೈಟಿನದು ಕಿರಿದು, ಉದ್ದ. ಹೈ ಬೀಮಿನ ಜೊತೆ ಮಾತ್ರ ಉರಿಯಬೇಕು, ಡಿಪ್ ಮಾಡಿದ ಕ್ಷಣ ಆರಬೇಕು. ರಾತ್ರಿ ಹಿರಿಯೂರಿನಿಂದ ಬರುವಾಗ ಎದುರು ಲಾರಿಯವನ ಕಣ್ಣಿಗೆ ಇದು ಹೊಡೆದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ‘ದೂರ ಬೆಳಕಿನ ಹೆಚ್ಚುವರಿ ದೀಪ’ ಎಂದು ವಿವರಿಸಿ, ಆಮೇಲೆ ‘ಡ್ರೈವಿಂಗ್ ಲೈಟ್’ ಎಂದೇ ಬಳಸಿ. ‘ಅಪ್ಪರ್’, ‘ಬ್ರೈಟ್’, ‘ಡಿಮ್’ಗಳನ್ನು ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಆಡುವುದರಿಂದ ‘ಡ್ಯಾಶ್‌ಬೋರ್ಡಿನ ನೀಲಿ ದೀಪ ಉರಿಯುವಾಗ’ (ಅಂದರೆ ಹೈ ಬೀಮ್ ಇರುವಾಗ) ಎಂದು ಬರೆದರೆ ಗೊಂದಲವೇ ಇರದು.

ಇನ್ನೊಂದು ಉತ್ತರ (ದಾವಣಗೆರೆಯಿಂದ)

ಮೇಲಿನವರು ಹೇಳಿದ್ದು ಸರಿ. ಆದರೆ ‘ಹೈ ಬೀಮಿನ ಸಿಗ್ನಲ್’ ಎಲ್ಲ ಗಾಡಿಯಲ್ಲೂ ಪ್ಲಸ್ ಆಗಿರುವುದಿಲ್ಲ. ಕೆಲವು ಜಪಾನಿ ಗಾಡಿಗಳಲ್ಲಿ ಬಲ್ಬಿಗೆ ಪ್ಲಸ್ ಸದಾ ಬಂದಿರುತ್ತದೆ, ಸ್ವಿಚ್ ಆಗುವುದು ಮೈನಸ್. ಅಲ್ಲಿ ಮೇಲಿನಂತೆ ಜೋಡಿಸಿದರೆ ಡ್ರೈವಿಂಗ್ ಲೈಟ್ ಲೋ ಬೀಮಿನಲ್ಲಿ ಉರಿದು ಹೈ ಬೀಮಿನಲ್ಲಿ ಆರುತ್ತದೆ. ಹುಡುಗರು ಇದನ್ನು ‘ಉಲ್ಟಾ ಹೊಡೀತು’ ಎಂದು ರಿಲೇ ಬದಲಿಸುತ್ತಾರೆ, ರಿಲೇಯದು ತಪ್ಪಲ್ಲ. ಬಲ್ಬಿನ ಪ್ಲಸ್ಸನ್ನು ಸ್ವಿಚ್ ಮೂಲಕ 86ಕ್ಕೆ, ಹೈ ಬೀಮಿನ ಮೈನಸ್ಸನ್ನು 85ಕ್ಕೆ ಕೊಟ್ಟರೆ ಸರಿಹೋಗುತ್ತದೆ. ಆದ್ದರಿಂದ ‘ಸಿಗ್ನಲ್ ತೆಗೆಯುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ’ ಎಂಬ ಸಾಲು ಇರಲಿ.

ಐದು ಕಾಲಿನ ರಿಲೇಯಲ್ಲಿ ನಡುವೆ 87ಎ ಇದ್ದರೆ ಅದನ್ನು ‘ಖಾಲಿ ಬಿಡಿ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ರಿಲೇ ಎಳೆಯದಿದ್ದಾಗ 30ರ ಕರೆಂಟ್ ಅದಕ್ಕೇ ಹೋಗುತ್ತದೆ, ಅದಕ್ಕೆ ದೀಪ ಜೋಡಿಸಿದ್ದರೆ ನಿಂತ ಗಾಡಿಯಲ್ಲೂ ಉರಿದು ಬ್ಯಾಟರಿ ಬರಿದಾಗುತ್ತದೆ. ರಿಲೇಯನ್ನು ‘ಕಾಲು ಕೆಳಗಾಗಿ’ ಕೂರಿಸಲು ಹೇಳುವುದನ್ನೂ ಮರೆಯಬೇಡಿ. ಮೇಲಾಗಿದ್ದರೆ ಸಾಕೆಟ್ಟಿನಲ್ಲಿ ನೀರು ನಿಂತು ಪಿನ್ನು ಹಸಿರುಗಟ್ಟುತ್ತದೆ.