ತಿರುಪ್ಪೂರಿನ ಬಣ್ಣದ ನೀರಿನ ಖರ್ಚು ಯಾರ ತಲೆಗೆ?

ಪ್ರಶ್ನೆ: ತಮಿಳುನಾಡಿನ ತಿರುಪ್ಪೂರಿನ ಟೀ ಶರ್ಟು ಯುರೋಪಿಗೆ ಹೋಗುತ್ತದೆ, ಬಟ್ಟೆಗೆ ಬಣ್ಣ ಹಾಕಿದ (ಡೈಯಿಂಗ್) ನೀರು ಮಾತ್ರ ನೊಯ್ಯಲ್ ನದಿ ಸೇರುತ್ತಿತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತಲ್ಲ, ಆಮೇಲೆ ನೀರು ಶುದ್ಧ ಮಾಡುವ ಖರ್ಚು ಯಾರ ಮೇಲೆ ಬಿತ್ತು?

ಉತ್ತರ 1: ಹೆಚ್ಚಿನದು ಘಟಕದವರ ಮೇಲೇ. ಬಣ್ಣಕ್ಕಿಂತ ಉಪ್ಪಿನದೇ ದೊಡ್ಡ ತಲೆನೋವು. ಹತ್ತಿಗೆ ಬಣ್ಣ ಹಿಡಿಯಲಿ ಅಂತ ರಾಶಿ ಉಪ್ಪು ಹಾಕುತ್ತಾರೆ, ಅದು ನೀರಲ್ಲೇ ಉಳಿಯುತ್ತದೆ. ಆರ್‌ಓ ಮಾಡಿದ (ಒತ್ತಡ ಹಾಕಿ ತೆಳು ಪೊರೆಯಲ್ಲಿ ನೀರು ಸೋಸಿದ) ಮೇಲೂ ಉಳಿಯುವ ಉಪ್ಪುನೀರನ್ನು ಕಾಯಿಸಿ ಆವಿ ಮಾಡಬೇಕು, ಸೌದೆ, ಕರೆಂಟಿಗೆ ದುಡ್ಡು ಸುರಿಯುವುದು ಅಲ್ಲೇ.

ಉತ್ತರ 2: ಹೊರಗಿನ ಖರೀದಿದಾರರು ಬಟ್ಟೆಯಲ್ಲಿ ಯಾವ ಕೆಮಿಕಲ್ ಇದೆ ಅಂತ ಟೆಸ್ಟ್ ಮಾಡಿಸುತ್ತಾರೆ. ಉಪ್ಪು ಉಳಿಯೋದು ನದಿಯಲ್ಲಿ, ಬಟ್ಟೆಯಲ್ಲಲ್ಲ, ಹಾಗಾಗಿ ಅದರ ಖರ್ಚಿನ ಚಿಂತೆ ಅವರಿಗಿಲ್ಲ. ರೇಟು ಜಾಸ್ತಿ ಕೇಳಿದರೆ ಆರ್ಡರ್ ಬಾಂಗ್ಲಾದೇಶಕ್ಕೆ ಹೋಗುತ್ತೆ ಅಲ್ವಾ?

ಉತ್ತರ 3: ಸುಮ್ನೆ ಖರೀದಿದಾರರನ್ನೇ ಬೈಯಬೇಡಿ. ನೀರಾವರಿಗೆ ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಲ್ಲಿ ಡೈಯಿಂಗ್ ನೀರು ತುಂಬುವವರೆಗೂ ನಮ್ಮ ಅಧಿಕಾರಿಗಳು ಏನು ಮಾಡುತ್ತಿದ್ದರು? ರೈತರೇ ಕೋರ್ಟಿಗೆ ಹೋಗಬೇಕಾಯ್ತು.