ಪದಚರ್ಚೆ: ‘ಟೆನ್ ಐಟಮ್ಸ್ ಆರ್ ಲೆಸ್’ ಸರಿಯಾ? ಬೋರ್ಡಿಗೆ ಇವತ್ತೇ ಬೇಕು

> ಅಂಗಡಿಯ ಬಿಲ್ ಕೌಂಟರಿಗೆ ಎರಡು ಭಾಷೆಯ ಬೋರ್ಡು. ‘ಲೆಸ್’ ಸರಿಯೋ ‘ಫ್ಯೂಯರ್’ ಸರಿಯೋ? ಕನ್ನಡದಲ್ಲಿ ಏನು ಹಾಕಲಿ? ಪೇಂಟರ್ ಸಂಜೆ ಬರುತ್ತಾರೆ.

ಮೊದಲು ಬೋರ್ಡಿನ ಕೆಲಸ ಮುಗಿಸಿ. ಇಂಗ್ಲಿಷಿಗೆ ‘ಅಪ್ ಟು ಟೆನ್ ಐಟಮ್ಸ್’, ಕನ್ನಡಕ್ಕೆ ‘ಹತ್ತು ಸಾಮಾನಿನವರೆಗೆ ಮಾತ್ರ’. ಬ್ರಿಟನ್ನಿನಲ್ಲೂ ಇದೇ ಜಗಳ ಆಗಿ, 2008ರಲ್ಲಿ ಟೆಸ್ಕೊ ಎಂಬ ಸೂಪರ್‌ಮಾರ್ಕೆಟ್‌ನವರು ‘ಅಪ್ ಟು’ ಅಂತಲೇ ಬರೆಸಿದರು.

ಇನ್ನು ಎಣಿಸುವ ವಸ್ತುವಿಗೆ ‘ಫ್ಯೂಯರ್’, ಹಾಲಿನಂಥ ಎಣಿಸಲಾಗದ್ದಕ್ಕೆ ‘ಲೆಸ್’ ಅನ್ನುವುದು ಶಾಲೆಯ ನಿಯಮ. ಅದನ್ನು ಹಿಡಿದು ಇಲ್ಲಿ ಒಬ್ಬರು ‘ಲೆಸ್ ಅಪ್ಪಟ ತಪ್ಪು’ ಅಂತ ಒಂದೇ ಸಾಲಿನ ತೀರ್ಪು ಕೊಟ್ಟಿದ್ದಾರಲ್ಲ, ಅದನ್ನು ಒಪ್ಪಲಾರೆ. 9ನೇ ಶತಮಾನದ ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಬರಹದಲ್ಲೇ ಎಣಿಸುವ ವಸ್ತುವಿಗೆ ‘ಲೆಸ್’ ಬಂದಿದೆ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ, ‘ನೋ ಲೆಸ್ ದ್ಯಾನ್ ಎ ಹಂಡ್ರೆಡ್’ ಅನ್ನುವಂಥ ಕಡೆ ‘ಫ್ಯೂಯರ್’ ಹೆಚ್ಚು ಚೆಂದ ಎಂದು ತನಗನ್ನಿಸಿದ್ದನ್ನು ಬರೆದ. ಆಮೇಲೆ ಬಂದವರು ಅದನ್ನೇ ಕಟ್ಟಳೆ ಮಾಡಿಬಿಟ್ಟರು. ‘ಮೋರ್’ ಮಾತ್ರ ಹಾಲಿಗೂ ಒಂದೇ, ಹಣ್ಣಿಗೂ ಒಂದೇ. ಅದಕ್ಕೆ ಯಾರೂ ತಕರಾರು ಎತ್ತುವುದಿಲ್ಲ, ಅಲ್ವಾ?

ಅರೆಬರೆ ಕಲಿತ ನಿಯಮ ಇನ್ನೂ ಕೆಟ್ಟದ್ದು. ನನ್ನ ಮಗಳು ‘ಲೆಸ್ ದ್ಯಾನ್ ಟೆನ್ ಕಿಲೋಮೀಟರ್ಸ್’ ಅಂತ ಬರೆದಿದ್ದಳು. ಟೀಚರ್ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಫ್ಯೂಯರ್’ ಅಂತ ಬರೆದು ಅರ್ಧ ಅಂಕ ಕಡಿದಿದ್ದರು. ದೂರ, ದುಡ್ಡು, ಹೊತ್ತು ಇವಕ್ಕೆಲ್ಲ ಮಡಿವಂತರೂ ‘ಲೆಸ್’ ಅಂತಲೇ ಬರೆಯುತ್ತಾರೆ. ಆ ಗೆರೆ ನೋಡಿ ನನಗೆ ನಿಜವಾಗಿ ಸಿಟ್ಟು ಬಂತು.

ನಮಗೆ ಈ ಭೇದ ಕಿವಿಗೆ ಹತ್ತದಿರುವುದು ದಡ್ಡತನವಲ್ಲ. ‘ಎಷ್ಟು ಹಾಲು’, ‘ಎಷ್ಟು ಹಣ್ಣು’: ಎರಡಕ್ಕೂ ಎಷ್ಟು. ‘ಕಡಿಮೆ’ಯೂ ಹಾಗೇ. ಕನ್ನಡ ಗೆರೆ ಎಳೆಯುವುದು ಬೇರೆ ಕಡೆ. ಮೂವರು ಮಕ್ಕಳು, ಆದರೆ ಮೂರು ಹಸು. ಇಂಗ್ಲಿಷಿನಲ್ಲಿ ಎರಡಕ್ಕೂ ‘ತ್ರೀ’ ಅಷ್ಟೇ.

‘ಸಾಮಾನು ಪಾರ್ಸಿ ಪದ, ತೆಗೆಯಿರಿ’ ಎನ್ನುವವರಿಗೆ: ಗೊತ್ತು. ಕಮ್ಮಿ, ಜಾಸ್ತಿ ಕೂಡ ಆ ಕಡೆಯಿಂದಲೇ ಬಂದವು. ಅವನ್ನು ಬಿಟ್ಟು ಒಂದು ದಿನ ಸಂತೆ ಮಾಡಿ ನೋಡಿ. ‘ವಸ್ತು’ ಸಂಸ್ಕೃತದ್ದು, ಅದನ್ನು ಮಾತ್ರ ಯಾಕೆ ಬಿಡುತ್ತೀರಿ? ‘ಸರಕು’ ನಮ್ಮದೇ, ಸರಿ. ಆದರೆ ಸರಕು ಅಂದರೆ ಲಾರಿ ಲೋಡು ಕಣ್ಣಿಗೆ ಬರುತ್ತದೆ, ಸೋಪು ಬಿಸ್ಕತ್ತು ಹಿಡಿದು ನಿಂತ ಗಿರಾಕಿಯ ಕೈಚೀಲ ಅಲ್ಲ.

ಪೇಂಟರಿಗೆ ಒಂದು ಮಾತು ಹೇಳಿಬಿಡಿ. ‘ಹತ್ತು ಸಾಮಾನುಗಳವರೆಗೆ’ ಅಂತ ಸುಮ್ನೆ ‘ಗಳು’ ಸೇರಿಸುವುದು ಬೇಡ. ಹತ್ತು ತೆಂಗಿನಕಾಯಿ ಕೊಡಿ ಅಂತೀವಿ, ಕಾಯಿಗಳನ್ನು ಕೊಡಿ ಅನ್ನಲ್ಲ.