ಮಳೆಗಾಲದಲ್ಲಿ ಸೋಲಾರ್ ಇನ್ವರ್ಟರು ಲೈನ್ ಕರೆಂಟನ್ನು ಯಾವಾಗ ತೆಗೆದುಕೊಳ್ಳಬೇಕು?

ತುಂಗಾತೀರ:
ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಮುಖ್ಯರಸ್ತೆಯಿಂದ ಬಹಳ ಒಳಗೆ, ಅಡಕೆ ತೋಟದ ನಡುವೆ ಇದೆ. 3 ಕೆವಿಎ, 24 ವೋಲ್ಟಿನ ಸೋಲಾರ್ ಇನ್ವರ್ಟರು ಹಾಗೂ 150 ಎಎಚ್‌ನ ಎರಡು ಟ್ಯೂಬುಲಾರ್ ಬ್ಯಾಟರಿಗಳಿವೆ. ಜೋಡಿಸಿಕೊಟ್ಟವರು 1ನೇ ಸೆಟ್ಟಿಂಗನ್ನು ಎಸ್‌ಬಿಯು ಎಂದೂ 16ನೆಯದನ್ನು ಓಎಸ್‌ಓ ಎಂದೂ ಇಟ್ಟಿದ್ದಾರೆ. ಬೇಸಿಗೆಯಲ್ಲಿ ಇದು ಚೆನ್ನಾಗಿಯೇ ನಡೆಯಿತು. ಆದರೆ ಮಳೆ ಹಿಡಿದ ಮೇಲೆ ಸಂಜೆಯ ಹೊತ್ತಿಗೇ ಬ್ಯಾಟರಿ ಇಳಿದು, ಇನ್ವರ್ಟರು ಮನೆಯನ್ನು ಲೈನಿಗೆ ವರ್ಗಾಯಿಸುತ್ತದೆ. ಬ್ಯಾಟರಿಯನ್ನು ಮಾತ್ರ ತುಂಬಿಸುವುದಿಲ್ಲ. ರಾತ್ರಿ ಮರ ಬಿದ್ದು ತಂತಿ ಹರಿದರೆ ಮನೆಯಲ್ಲಿ ದೀಪಕ್ಕೂ ಗತಿಯಿಲ್ಲ, ವಯಸ್ಸಾದ ತಾಯಿಯವರು ಕತ್ತಲಲ್ಲಿ ಓಡಾಡಬೇಕಾಗುತ್ತದೆ. ಬ್ಯಾಟರಿ ಸದಾ ತುಂಬಿರಬೇಕು, ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾದ ಯೂನಿಟ್ಟೂ ಮೀರಬಾರದು. ಇದಕ್ಕೆ ಯಾವ ಸೆಟ್ಟಿಂಗು ಸರಿ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ವಿದ್ಯುತ್‌ಶಾಲೆ:
ತಾವು ಒಂದೇ ಪ್ರಶ್ನೆ ಎಂದುಕೊಂಡಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಮನೆಯ ದೀಪ, ಫ್ಯಾನು, ಫ್ರಿಜ್ಜುಗಳಿಗೆ ಕರೆಂಟು ಎಲ್ಲಿಂದ ಬರಬೇಕು ಎಂಬುದನ್ನು 1ನೇ ಸೆಟ್ಟಿಂಗು ತೀರ್ಮಾನಿಸುತ್ತದೆ. ಎಸ್‌ಬಿಯು ಎಂದರೆ ಮೊದಲು ಬಿಸಿಲು, ಆಮೇಲೆ ಬ್ಯಾಟರಿ, ಅದು ಇಳಿದ ಮೇಲೆ ಲೈನ್. ಬ್ಯಾಟರಿ ಎಲ್ಲಿಂದ ತುಂಬಬೇಕು ಎಂಬುದನ್ನು 16ನೆಯದು ತೀರ್ಮಾನಿಸುತ್ತದೆ. ಓಎಸ್‌ಓ ಎಂದರೆ ಬ್ಯಾಟರಿಗೆ ಬಿಸಿಲು ಮಾತ್ರ. ಲೈನ್ ಇದ್ದರೂ ಅದು ಚಾರ್ಜ್ ಮಾಡುವುದಿಲ್ಲ. ಬಿಸಿಲಿಲ್ಲದಾಗ ಮಾತ್ರ ಲೈನಿನಿಂದ ತುಂಬಿಸಲು ಸಿಎಸ್‌ಓ, ಎರಡರಿಂದಲೂ ಒಟ್ಟಿಗೆ ತುಂಬಿಸಲು ಎಸ್‌ಎನ್‌ಯು. ಸಂಖ್ಯೆಗಳು ಮಾದರಿಯಿಂದ ಮಾದರಿಗೆ ಬದಲಾಗುವುದುಂಟು, ಆದ್ದರಿಂದ ತಮ್ಮ ಕೈಪಿಡಿಯೊಡನೆ ಒಮ್ಮೆ ಹೋಲಿಸಿಕೊಳ್ಳಿ.

ಈಗ ಬಹಳ ಜನ ಗಮನಿಸದ ವಿಷಯಕ್ಕೆ ಬರುತ್ತೇನೆ. ತಾವು 16ನೆಯದನ್ನು ಸಿಎಸ್‌ಓ ಮಾಡಿ 1ನೆಯದನ್ನು ಎಸ್‌ಬಿಯು ಆಗಿಯೇ ಬಿಟ್ಟರೆ, ರಾತ್ರಿ ಲೈನು ಬ್ಯಾಟರಿಯನ್ನು ತುಂಬಿಸುತ್ತದೆ, 13ನೇ ಸೆಟ್ಟಿಂಗಿನ ವೋಲ್ಟೇಜು (ಸಾಮಾನ್ಯವಾಗಿ 27) ಮುಟ್ಟಿದ ಕೂಡಲೇ ಇನ್ವರ್ಟರು ಲೈನನ್ನು ಬಿಟ್ಟು ಮನೆಯನ್ನು ಬ್ಯಾಟರಿಯ ಮೇಲೆ ನಡೆಸುತ್ತದೆ, ಅದು 12ನೆಯದರ ಮಟ್ಟಕ್ಕೆ (ಸಾಮಾನ್ಯವಾಗಿ 23) ಇಳಿದಾಗ ಮತ್ತೆ ಲೈನಿಗೆ ಬರುತ್ತದೆ. ಲೈನಿನಲ್ಲಿ ಕರೆಂಟು ಇರುವಾಗಲೇ ಬ್ಯಾಟರಿ ಸುಮ್ಮನೆ ಸವೆಯುತ್ತದೆ. ತಂತಿ ಹರಿದ ಗಳಿಗೆಯಲ್ಲಿ ಅದು ತುಂಬಿತ್ತೋ ಖಾಲಿಯಾಗಿತ್ತೋ ಎಂಬುದು ಅದೃಷ್ಟದ ಮಾತಾಗುತ್ತದೆ.

ಲೆಕ್ಕವನ್ನೂ ನೋಡಿ. 24 ವೋಲ್ಟು, 150 ಎಎಚ್ ಎಂದರೆ 3.6 ಯೂನಿಟ್, ಅರ್ಧ ಮಾತ್ರ ಬಳಸಿದರೆ 1.8. ತಮ್ಮ ಟ್ಯೂಬುಲಾರ್‌ನಂಥ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಹಾಕಿದ್ದರ ಸುಮಾರು ಐದನೇ ಒಂದು ಭಾಗ ಮರಳಿ ಬರುವುದಿಲ್ಲವಾದ್ದರಿಂದ, ಆ 1.8 ಯೂನಿಟ್ಟಿಗಾಗಿ ಲೈನಿನಿಂದ ಎರಡೂಕಾಲು ಯೂನಿಟ್ಟಾದರೂ ಎಳೆಯಬೇಕು. ಪ್ರತಿ ರಾತ್ರಿ ಹೀಗಾದರೆ ತಿಂಗಳಿಗೆ 70 ಯೂನಿಟ್ಟಿನ ಹತ್ತಿರ ಹೋಗುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 1ನೆಯದನ್ನು ಎಸ್‌ಯುಬಿ (ಮೊದಲು ಬಿಸಿಲು, ಆಮೇಲೆ ಲೈನ್, ಕೊನೆಗೆ ಬ್ಯಾಟರಿ), 16ನೆಯದನ್ನು ಸಿಎಸ್‌ಓ ಮಾಡಿ. ಆಗ ಹಗಲು ಬಂದಷ್ಟು ಬಿಸಿಲು ಬಳಕೆಯಾಗುತ್ತದೆ, ಉಳಿದ ಹೊತ್ತು ಮನೆ ನೇರವಾಗಿ ಲೈನಿನಲ್ಲಿ ನಡೆಯುತ್ತದೆ, ಬ್ಯಾಟರಿ ತುಂಬಿಕೊಂಡು ಕಾದಿರುತ್ತದೆ. ಮಳೆ ನಿಂತ ಮೇಲೆ ಮತ್ತೆ ಎಸ್‌ಬಿಯುಗೆ ತಿರುಗಿಸಿಕೊಳ್ಳಬಹುದು.

ಆಸಿಡ್‌ಮಟ್ಟ:
ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಎರಡು ವಿಷಯ ಸೇರಿಸುತ್ತೇನೆ. ಮೊದಲನೆಯದು, 11ನೇ ಸೆಟ್ಟಿಂಗಿನಲ್ಲಿ ಲೈನಿನಿಂದ ಚಾರ್ಜ್ ಮಾಡುವ ಆಂಪಿಯರನ್ನು ಕಡಿಮೆ ಮಾಡಿ. 150 ಎಎಚ್ ಟ್ಯೂಬುಲಾರ್ ಬ್ಯಾಟರಿಗೆ 15 ಆಂಪಿಯರ್ ಸಾಕು. ಎರಡನ್ನೂ ಸರಣಿಯಲ್ಲಿ ಜೋಡಿಸಿರುವುದರಿಂದ ಅದು 30 ಆಗುವುದಿಲ್ಲ. ತಮ್ಮಲ್ಲಿ 10 ಅಥವಾ 20 ಮಾತ್ರ ಇದ್ದರೆ 10 ಇಡುವುದೇ ಒಳ್ಳೆಯದು.

ಎರಡನೆಯದು, ಬೇಸಿಗೆಯಲ್ಲಿ ಎಸ್‌ಬಿಯುಗೆ ಮರಳಿದಾಗಲೂ 12ನೆಯದನ್ನು 23ರಲ್ಲಿ ಬಿಡಬೇಡಿ, 24ಕ್ಕೆ ಏರಿಸಿ. ಮಿಕ್ಸಿ ಹಾಕಿದಾಗ ವೋಲ್ಟೇಜು ಕ್ಷಣಕಾಲ ಕುಸಿಯುವುದರಿಂದ ಇನ್ವರ್ಟರು ಸ್ವಲ್ಪ ಬೇಗ ಲೈನಿಗೆ ಹೋಗಬಹುದು, ನಿಜ. ಆದರೆ ಲೆಡ್ ಆಸಿಡ್ ಬ್ಯಾಟರಿ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಇದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಮೋಡದ ದಿನಗಳಲ್ಲಿ ಓಎಸ್‌ಓ ಇಡುವುದಕ್ಕೆ ನನ್ನ ಮುಖ್ಯ ಆಕ್ಷೇಪ ಇದೇ. ಯೂನಿಟ್ ಉಳಿಸಲು ಹೋಗಿ ಬ್ಯಾಟರಿಯನ್ನೇ ಕಳೆದುಕೊಂಡ ಮನೆಗಳನ್ನು ಕಂಡಿದ್ದೇನೆ.

ಮಹಡಿಸೋಲಾರ್:
ಲಿಥಿಯಂ ಬ್ಯಾಟರಿ ಇರುವವರು ಈ ವೋಲ್ಟೇಜುಗಳನ್ನು ಅನುಸರಿಸಬಾರದು. ಅದರ ವೋಲ್ಟೇಜು ಬಹುಪಾಲು ಹೊತ್ತು ಒಂದೇ ಮಟ್ಟದಲ್ಲಿ ನಿಂತಿರುವುದರಿಂದ, ಬಿಎಂಎಸ್ (ಬ್ಯಾಟರಿಯೊಳಗಿನ ನಿಯಂತ್ರಣ ಸರ್ಕ್ಯೂಟ್) ತಂತಿಯನ್ನು ಇನ್ವರ್ಟರಿಗೆ ಜೋಡಿಸಿ ಶೇಕಡಾವಾರು ಲೆಕ್ಕದಲ್ಲಿ ಹೊಂದಿಸಬೇಕು. ನಮ್ಮಲ್ಲಿರುವ ಹೈಬ್ರಿಡ್ ಇನ್ವರ್ಟರಿನಲ್ಲಿ ದಿನವನ್ನು ಆರು ಅವಧಿಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಬ್ಯಾಟರಿ ಶೇಕಡಾ ಎಷ್ಟಿರಬೇಕು, ಅಷ್ಟನ್ನು ತುಂಬಿಸಲು ಲೈನನ್ನು ಬಳಸಬಹುದೇ ಎಂದು ಬೇರೆಬೇರೆಯಾಗಿ ಗುರುತು ಹಾಕಬಹುದು.

ತುಂಗಾತೀರ:
ಎಲ್ಲರಿಗೂ ಕೃತಜ್ಞತೆಗಳು. ಎಸ್‌ಯುಬಿ, ಸಿಎಸ್‌ಓ, 10 ಆಂಪಿಯರ್ ಎಂದು ಬದಲಾಯಿಸಿದ್ದೇನೆ, ಬ್ಯಾಟರಿ ತುಂಬುತ್ತಿದೆ. ಆದರೆ ಸಂಜೆ ಏಳರಿಂದ ಒಂಬತ್ತರವರೆಗೆ ಕೊಟ್ಟಿಗೆಯ ನೇರ ಲೈನಿನ ದೀಪ ಮಂಕಾಗಿ ಉರಿಯುತ್ತಿದ್ದರೂ ಇನ್ವರ್ಟರು ಲೈನೇ ಇಲ್ಲವೆಂದು ತೋರಿಸಿ ಬ್ಯಾಟರಿಗೆ ಹೋಗುತ್ತದೆ. ಇದೇಕೆ?

ವಿದ್ಯುತ್‌ಶಾಲೆ:
ಆ ಹೊತ್ತಿನಲ್ಲಿ ವೋಲ್ಟೇಜು 170ಕ್ಕಿಂತ ಕೆಳಗಿಳಿಯುತ್ತಿರಬೇಕು. ಮಲ್ಟಿಮೀಟರಿನಲ್ಲಿ ಅಳೆದು ನೋಡಿ. 3ನೇ ಸೆಟ್ಟಿಂಗು ಯುಪಿಎಸ್ ಎಂದಿದ್ದರೆ ಇನ್ವರ್ಟರು 170ರಿಂದ 280 ವೋಲ್ಟಿನ ಲೈನನ್ನು ಮಾತ್ರ ಒಪ್ಪುತ್ತದೆ. ಎಪಿಎಲ್ ಮಾಡಿದರೆ 90 ವೋಲ್ಟಿನವರೆಗೂ ಒಪ್ಪಿಕೊಂಡು ಚಾರ್ಜ್ ಮುಂದುವರಿಸುತ್ತದೆ. ಆದರೆ ಲೈನಿನಲ್ಲಿರುವಾಗ ಇನ್ವರ್ಟರು ವೋಲ್ಟೇಜನ್ನು ಸರಿಪಡಿಸುವುದಿಲ್ಲ, ಬಂದದ್ದನ್ನು ಬಂದ ಹಾಗೆಯೇ ಮನೆಗೆ ಬಿಡುತ್ತದೆ. ಆದ್ದರಿಂದ ಎಪಿಎಲ್ ಮಾಡುವ ಮೊದಲು ಫ್ರಿಜ್ಜಿಗೆ ಕಡಿಮೆ ವೋಲ್ಟೇಜಿನಲ್ಲಿ ತಾನೇ ಕಡಿದುಕೊಳ್ಳುವ ಸ್ಟೆಬಿಲೈಸರ್ ಹಾಕಿಸಿ; ಇಲ್ಲವಾದರೆ ಅದರ ಕಂಪ್ರೆಸರ್ ಸುಡುವ ಅಪಾಯವಿದೆ. ಸ್ಟೆಬಿಲೈಸರ್ ಬರುವವರೆಗೆ ಯುಪಿಎಸ್‌ನಲ್ಲಿಯೇ ಇರಲಿ. ಆ ಎರಡು ತಾಸು ಫ್ರಿಜ್ಜನ್ನು ಆರಿಸಿಟ್ಟರೆ, ದೀಪ ಮತ್ತು ಫ್ಯಾನುಗಳಿಗೆ ಬ್ಯಾಟರಿಯಿಂದ ಹೋಗುವುದು ಅಲ್ಪ; ವೋಲ್ಟೇಜು ಸುಧಾರಿಸಿದ ಮೇಲೆ ಅದು ಮತ್ತೆ ತುಂಬಿಕೊಳ್ಳುತ್ತದೆ.